ಅಲ್ಲಾಡಿಸಬಾರದ ಮೊಟ್ಟೆ

ಸತ್ತೇಗಾಲದ ಜಡೇಸ್ವಾಮಿ ಬೆಳಗ್ಗೆ ಎದ್ದವನೇ ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಹಾಕಿ, ಒಂದು ಮೊಟ್ಟೆ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಪ್ಪು ಅವನದಲ್ಲ, ಕೈಯದು. ಇಪ್ಪತ್ತು ವರ್ಷ ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಹೀಗೇ ಅಲ್ಲಾಡಿಸಿ, ಒಳಗಿನ ಹುಳು ಹೇಗಿದೆಯೆಂದು ಹೇಳಿದ ಕೈ ಅದು. ಗೂಡುಗಳೆಲ್ಲ ಅವನಿಗೆ ಗುಟ್ಟು ಬಿಟ್ಟುಕೊಡುತ್ತಿದ್ದವು. ಮೊಟ್ಟೆ ಬಾಯಿ ಬಿಡಲಿಲ್ಲ. ಕೋಳಿ ಮಾತ್ರ ಮಣಿಕಟ್ಟಿಗೆ ಕುಕ್ಕಿತು.

ಕೋಳಿಯಡಿ ಇದ್ದದ್ದು ನಾಲ್ಕು ಮೊಟ್ಟೆ. ಅವುಗಳಲ್ಲಿ ಜೀವ ಇದೆಯೋ ಇಲ್ಲವೋ ಎಂಬುದರ ಮೇಲೆ ಅವನ ಸಂಸಾರ ನಿಂತಿತ್ತು. ಹೆಂಡತಿ ರತ್ನ ಕೈಯಲ್ಲೇ ಕಾಳು ತಿನ್ನಿಸಿ ಸಾಕಿದ್ದ ಕೆಂಪು ಹುಂಜವನ್ನು, ಅವಳು ಸಂತೆಗೆ ಹೋಗಿದ್ದಾಗ, ಸ್ನೇಹಿತರು ಬಂದರೆಂದು ಇವನು ಸಾರು ಮಾಡಿಬಿಟ್ಟಿದ್ದ. ಅವಳು ಪಾತ್ರೆ ನೋಡಿದಳು, ಬ್ಯಾಗು ತುಂಬಿದಳು. ಆ ಹುಂಜದ ವಂಶದ್ದು ಒಂದು ಜೀವವಾದರೂ ಉಳಿದಿದ್ದರೆ ಮಾತ್ರ ಫೋನು ಮಾಡು ಅಂದಳು. ಹೊರಡುವವರು ‘ಬತ್ತೀನಿ’ ಅನ್ನುವುದು ವಾಡಿಕೆ. ಅವಳು ‘ಓಯ್ತೀನಿ’ ಅಂದು ಕುಂತೂರಿನ ತವರಿಗೆ ಹೋದಳು. ಅಂದಿನಿಂದ ಜಡೇಸ್ವಾಮಿ ದಿನಾ ಬೆಳಗ್ಗೆ ಎರಡು ಲೋಟ ಕಾಫಿ ಬೆರೆಸಿ ಎರಡನ್ನೂ ತಾನೇ ಕುಡಿಯುತ್ತಿದ್ದ.

ಅವನು ಎರಡನೇ ಮೊಟ್ಟೆ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಕೆಂಪಾಜಮ್ಮ ಬಂದಳು.

“ಗೂಡಲ್ಲ ಕಣ್ಲಾ ಅದು. ಅಲ್ಲಾಡುಸುದ್ರೆ ಒಳಗಿನ ಜೀವ ಸತ್ತೋಯ್ತದೆ.”

ಕಾವಿಗೆ ಕೂತು ಎಂಟು ದಿನವಾಯಿತು, ಮರಿಯಾಗಲು ಇಪ್ಪತ್ತೊಂದು ಬೇಕೆಂದು ಲೆಕ್ಕ ಹಾಕಿ, ಬೆಚ್ಚಗಿನ ನೀರಿಗೆ ಬಿಟ್ಟರೆ ಜೀವವಿರುವುದು ಮಿಸುಕುತ್ತದೆಂದು ಅವಳೇ ಪಾತ್ರೆ ತಂದಳು. ಅವಳ ಬೆಚ್ಚಗೆ ಅಂದರೆ ಕಾಫಿಯ ಬಿಸಿ. ಮೊದಲ ಮೊಟ್ಟೆ ಟಪ್ಪೆಂದು ಬಿರುಕು ಬಿಟ್ಟಿತು.

ಆ ಗದ್ದಲ ಕೇಳಿ ಎದುರು ಮನೆಯ ಆಟೋ ಶಂಕರ್ ಬಂದ. ಮೊಬೈಲಿನ ಟಾರ್ಚಿನ ಮೇಲೆ ಇಟ್ಟು ನೋಡಿದರೆ ಎಲ್ಲಾ ಕಾಣುತ್ತದೆ, ಆದರೆ ಕತ್ತಲೆ ಬೇಕು ಅಂದ. ಹೆಂಚಿನ ಸಂದಿಯಲ್ಲೆಲ್ಲ ಬಿಸಿಲು ಇಳಿಯುವ ಮನೆಯಲ್ಲಿ ಕತ್ತಲೆ ಎಲ್ಲಿ? ಮೂವರೂ ಒಂದು ಕಂಬಳಿ ಹೊದ್ದು ಬೆವರುತ್ತಾ ಕೂತರು. ಒಂದು ಮೊಟ್ಟೆ ಬುಡ್ಡಿದೀಪದ ಹಾಗೆ ಬರೀ ಹಳದಿಯಾಗಿ ಬೆಳಗಿತು. ಒಳಗೆ ಏನೂ ಇರಲಿಲ್ಲ. ಇನ್ನೊಂದನ್ನು ಇಡುವಾಗ ಕಂಬಳಿಯ ಧೂಳಿಗೆ ಕೆಂಪಾಜಮ್ಮ ಸೀನಿದಳು, ಅದು ಶಂಕರನ ಮಡಿಲಲ್ಲಿ ಒಡೆಯಿತು.

ಕೊನೆಯದರೊಳಗೆ ಒಂದು ಚುಕ್ಕಿ ಕಂಡಿತು. ಅದರ ಸುತ್ತ ರೇಷ್ಮೆ ಎಳೆಗಿಂತ ತೆಳುವಾದ ಕೆಂಪು ನರಗಳು ಹರಡಿದ್ದವು. ಚುಕ್ಕಿ ಮೆಲ್ಲಗೆ ಮಿಸುಕಿತು. ಜಡೇಸ್ವಾಮಿ ಕಂಬಳಿಯೊಳಗೇ ಅತ್ತುಬಿಟ್ಟ. ಆಮೇಲೆ ಫೋನು ಮಾಡಿದ.

“ಅದೆ ಕಣಮ್ಮಿ. ಜೀವ ಅದೆ.”

ರತ್ನ ಮಧ್ಯಾಹ್ನದ ಬಸ್ಸು ಹತ್ತುವುದಾಗಿ ಹೇಳಿದಳು.

ಅವನು ಗಡ್ಡ ಬೋಳಿಸಿಕೊಂಡ, ಮನೆ ಗುಡಿಸಿದ, ಎರಡು ಮೊಳ ಮಲ್ಲಿಗೆ ತಂದ. ಕೆಂಪಾಜಮ್ಮ ಬೀದಿಗೆಲ್ಲ ಸುದ್ದಿ ಹಂಚಿದ್ದರಿಂದ ರತ್ನ ಬರುವ ಹೊತ್ತಿಗೆ ಜಗಲಿಯ ತುಂಬ ಜನ. ಅವಳು ಯಾರನ್ನೂ ಮಾತಾಡಿಸದೆ ಒಳಗೆ ಬಂದಳು. ಗಂಡನ ಜೊತೆ ಕಂಬಳಿಯೊಳಗೆ ಕೂತು ಮೊಟ್ಟೆ ನೋಡಿದಳು. ಅವಳ ಭುಜ ಇವನ ಭುಜಕ್ಕೆ ತಾಗಿತು. ಟಾರ್ಚಿನ ಬೆಳಕಿನಲ್ಲಿ ಅವಳು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ನೋಡಿ! ಮೊಟ್ಟೆ ಹಾಗೇ ಬೆಳಗುತ್ತಿರಲಿ, ಹೊರಗೆ ಯಾರೂ ಕೆಮ್ಮದಿರಲಿ ಎಂದು ಅವನು ಬೇಡಿಕೊಂಡ.

ಅವಳು ಎದ್ದಳು. ಮೊಟ್ಟೆಯನ್ನು ಹುಲ್ಲಿನ ಕುಕ್ಕೆಯಲ್ಲಿಟ್ಟು, ಕೋಳಿಯನ್ನು ಅದರ ಮೇಲೆ ಕೂರಿಸಿ, ಬಟ್ಟೆ ಮುಚ್ಚಿ, ಕುಕ್ಕೆಯನ್ನೇ ಕಂಕುಳಿಗೆ ಇಟ್ಟುಕೊಂಡಳು.

“ಇಲ್ಲೇ ಬುಟ್ರೆ ಇದ್ನೂ ಸಾರಿಗೆ ಹಾಕ್ತೀಯ. ಅಪ್ಪನ ಮನೇಲಿ ಮರಿ ಮಾಡುಸ್ತೀನಿ.”

ಜಡೇಸ್ವಾಮಿಯ ಮಲ್ಲಿಗೆ ಹಿಡಿದ ಕೈ ಮುಂದೆ ಹೋಯಿತು, ಅಷ್ಟೆ. ರತ್ನ ಒಂದು ಗಳಿಗೆ ನೋಡಿ, ಹೂ ಮುಡಿದುಕೊಂಡು ಹೊಸಿಲು ದಾಟಿದಳು. ದಾಟುವಾಗ “ಬತ್ತೀನಿ” ಅಂದಳು.

ಬಸ್ಸು ಮರೆಯಾದ ಮೇಲೂ ಅವನು ಬಾಗಿಲಲ್ಲೇ ನಿಂತು ಕೆಂಪಾಜಮ್ಮನನ್ನು ಕೇಳಿದ.

“ದೊಡ್ಡವ್ವ, ಬತ್ತೀನಿ ಅಂದ್ಳಲ್ಲ, ಆ ಮಾತಲ್ಲಿ ಜೀವ ಅದಾ?”

“ಇನ್ನೂ ಹದಿಮೂರು ದಿನ ಕಾಯಪ್ಪ,” ಅಂದಳು ಕೆಂಪಾಜಮ್ಮ. “ಅಲ್ಲೀಗಂಟ ಅಲ್ಲಾಡುಸ್ಬೇಡ.”

ಅಷ್ಟರಲ್ಲಾಗಲೇ ಅವನು ರತ್ನಳ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಿದ್ದ.