ಕದ ಸೀಳುವ ಬ್ಲೇಡು

ನನ್ನ ಮೈದುನ ನಿಮ್ಮ ಮನೆಗೆ ಬಂದರೆ ಕಾಫಿ ಕೊಡಿ, ಊಟ ಹಾಕಿ, ಬೇಕಾದರೆ ಎರಡು ದಿನ ಇಟ್ಟುಕೊಳ್ಳಿ. ಕೂರುವುದಕ್ಕೆ ಮಣೆ ಮಾತ್ರ ಕೊಡಬೇಡಿ! ಕೊಟ್ಟರೆ ತಿರುಗಿಸಿ ನೋಡುತ್ತಾನೆ, ಬೆರಳಿಟ್ಟು ದಪ್ಪ ಅಳೆಯುತ್ತಾನೆ, ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಬಿಡುತ್ತಾನೆ. ಸಂಜೆಗೆ ವಾಪಸು ತರುತ್ತಾನೆ, ಕದಿಯುವವನಲ್ಲ. ಆದರೆ ಹೋಗುವಾಗ ಒಂದಿದ್ದ ಮಣೆ ಬರುವಾಗ ಎರಡಾಗಿರುತ್ತದೆ. ಎರಡರ ಮೇಲೂ ಕೂರುವ ಹಾಗಿರುವುದಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಕದದಿಂದ. ಶ್ರೀನಿವಾಸಪುರದ ಕಡೆ ರಸ್ತೆ ಅಗಲ ಮಾಡಿದಾಗ ನಮ್ಮ ಹಳೆ ಮನೆ ಹೋಯಿತು. ನಮ್ಮ ಯಜಮಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ನಾನೊಂದು ಸಣ್ಣ ಮನೆ ಕಟ್ಟಿಸಿಕೊಂಡೆ, ಪಕ್ಕದಲ್ಲೇ ಮೈದುನ ಇನ್ನೊಂದು ಕಟ್ಟಿಸಿದ. ಹಂಡೆ ಅವನಿಗೆ, ಒರಳು ನನಗೆ. ಒಂದು ಮಾತೂ ಏರಲಿಲ್ಲ. ಕೊನೆಗೆ ಉಳಿದದ್ದು ಮುಂಬಾಗಿಲಿನ ಹಲಸಿನ ಕದ. ಜೋಡಿ ಕದವಾಗಿದ್ದರೆ ಆಳಿಗೊಂದು ಎಂದು ಮುಗಿಯುತ್ತಿತ್ತು. ನಮ್ಮ ಮಾವ ಒಂಟಿ ಕದ ಇಡಿಸಿದ್ದರು. ಮೂರು ಬೆರಳು ದಪ್ಪ, ಮೂರು ಹಲಗೆ ಕೂಡಿಸಿದ್ದು, ಹೊರಮುಖಕ್ಕೆ ಹಿತ್ತಾಳೆಯ ಹೂವು.

“ನಂಗೆ ಬೇಡ ಕಣೋ, ನೀನೇ ಇಟ್ಕೊ. ತಗಡಿನ ಬಾಗಿಲು ಸಾಕು ನಂಗೆ,” ಎಂದೆ.

“ಅದೆಂಗಾಗ್ತದೆ ವದಿನಾ? ನಮ್ಮಣ್ಣನ ಭಾಗ ಅಲ್ವಾ?”

ಆಂಧ್ರದ ಗಡಿ ಹತ್ತಿರ ನೋಡಿ, ನಮ್ಮಲ್ಲಿ ಅತ್ತಿಗೆಗೆ ವದಿನ ಎನ್ನುತ್ತಾರೆ. ನಾನು ಮದುವೆಯಾಗಿ ಬಂದಾಗ ಇವನು ಜಾರುವ ಚಡ್ಡಿ ಹಿಡಿದುಕೊಂಡು ಓಡಾಡುತ್ತಿದ್ದ. ಅತ್ತೆ ಇರಲಿಲ್ಲ. ತಲೆಗೆ ನೀರು ಹಾಕಿದವಳು ನಾನು, ಬೆನ್ನಿಗೆ ಗುದ್ದಿದವಳೂ ನಾನು. ಇನ್ನೊಂದು ಸ್ವಲ್ಪ ಗುದ್ದಬೇಕಿತ್ತು.

“ಕದಾನ ಸೀಳ್ತೀನಿ,” ಎಂದ.

“ಉದ್ದಕ್ಕೋ, ಅಡ್ಡಕ್ಕೋ?”

“ದಪ್ಪಕ್ಕೆ! ಒಂದು ದಪ್ಪ ರೊಟ್ಟೀನ ಎರಡು ತೆಳ್ಳನೆ ರೊಟ್ಟಿ ಮಾಡ್ದಂಗೆ. ನಿಂಗೊಂದು ಪೂರಾ ಕದ, ನಂಗೊಂದು ಪೂರಾ ಕದ.”

ಮಾಲೂರಿನ ಕಾರ್ಖಾನೆಯಿಂದ ರಿಟೈರಾಗಿ ಮನೆಗೆ ಬಂದಿದ್ದ ಗಂಡಸು, ಕೈ ಸುಮ್ಮನಿರಬೇಕಲ್ಲ? ಮುಚ್ಚಿಹೋದ ಒಂದು ಸಾಮಿಲ್ಲಿನಿಂದ ಮರ ಕುಯ್ಯುವ ಹಳೆಯ ಮಿಷನ್ನು ತಂದ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಅವೆರಡನ್ನೂ ಬೆಲ್ಟಿನ ಹಾಗೆ ಸುತ್ತುವ ಉಕ್ಕಿನ ಬ್ಲೇಡು. ಮಿಷನ್ನೇನೋ ಬಂತು. ಬ್ಲೇಡು ಯಾವುದು ಹಾಕುವುದು? ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ! ಹಲಸು ಗಟ್ಟಿ ಮರ. ಬ್ಲೇಡು ತಪ್ಪಿದರೆ ಕದ ಇಬ್ಬರಿಗೂ ಇಲ್ಲ, ಒಲೆಗೆ. ಅದಕ್ಕೆ ಮೊದಲು ಬೇರೆ ಮರದ ಮೇಲೆ ಪರೀಕ್ಷೆಯಂತೆ. ಬೇರೆ ಮರ ಎಂದರೆ ಯಾರದು? ನನ್ನ ಅಡುಗೆಮನೆಯದು!

ಮೊದಲನೆಯ ಬ್ಲೇಡಿಗೆ ಬಾಚಣಿಗೆಯ ಹಾಗೆ ಸಣ್ಣ ಸಣ್ಣ ಹಲ್ಲು. ಹಲ್ಲು ಹೆಚ್ಚಿದ್ದರೆ ನುಣ್ಣಗೆ ಕುಯ್ಯುತ್ತದೆ ಎಂದು ಅವನ ಎಣಿಕೆ. ನನ್ನ ಚಪಾತಿ ಮಣೆ ಹಿಡಿದ. ಅರ್ಧ ದಾಟುವ ಹೊತ್ತಿಗೆ ಹೊಗೆ! ಮರದ ಹೊಟ್ಟು ಪೂರಾ ಹಲ್ಲಿನ ಸಂದಿಯಲ್ಲಿ ಕೂತು, ಮರ ಕಾದು, ಕಪ್ಪಗೆ ಸುಟ್ಟಿತು. ವಾರಗಿತ್ತಿ, ಎಂದರೆ ಅವನ ಹೆಂಡತಿ, ಒಳಗಿನಿಂದ ಕೂಗಿದಳು:

“ಅಕ್ಕಾ, ಒಲೆ ಮೇಲೆ ಏನಾದ್ರೂ ಇಟ್ಟು ಮರ್ತಿದ್ಯಾ?”

“ನಿನ್ನ ಗಂಡ ಹಿಟ್ಟಿಲ್ದೆ ಚಪಾತಿ ಸುಡ್ತಾವ್ನೆ, ತಟ್ಟೆ ತಗೊಂಡು ಬಾರೇ!” ಎಂದೆ.

ಎರಡನೆಯದಕ್ಕೆ ಹಲ್ಲು ಕಡಿಮೆ, ಆದರೆ ಬ್ಲೇಡು ರಿಬ್ಬನ್ನಿನಷ್ಟು ಕಿರಿದು. ಈ ಸಲ ನನ್ನ ಈಳಿಗೆಮಣೆ. ಸುಡಲಿಲ್ಲ. ಆದರೆ ನೆಟ್ಟಗೆ ಹೋಗುವ ಬದಲು ಕುಡಿದವನ ಹಾಗೆ ಒಳಗೊಳಗೇ ವಾಲಿಕೊಂಡು ಹೋಯಿತು. ಈ ತುದಿಯಲ್ಲಿ ಇಟ್ಟಿಗೆ, ಆ ತುದಿಯಲ್ಲಿ ಹಪ್ಪಳ. ಅದರ ಮೇಲೆ ಕೂತು ಹುರುಳಿಕಾಯಿ ಹೆಚ್ಚಲು ಹೋಗಿ ನಾನೇ ಮಗುಚಿಕೊಂಡೆ.

“ಏನ್ಲಾ ಇದು?”

“ಅಗಲ ಸಾಲ್ದು ವದಿನಾ. ಮಿಷನ್ನು ಎಷ್ಟು ಅಗಲ ತಡೀತದೋ ಅಷ್ಟು ಅಗಲದ್ದೇ ಹಾಕ್ಬೇಕು, ಆಗ ವಾಲಲ್ಲ. ಹಲ್ಲು ಕಮ್ಮಿ ಇರ್ಬೇಕು, ದೊಡ್ಡದಿರ್ಬೇಕು. ಸಂದಿ ಜಾಸ್ತಿ ಇದ್ರೆ ಹೊಟ್ಟು ಆಚೆ ಬರ್ತದೆ.”

“ಹಂಗಾದ್ರೆ ನನ್ನ ಬಾಯಿ ನೋಡ್ಕೊಂಡು ಹೋಗಿ ತಗೊಂಬಾ,” ಎಂದು ಬಾಯಿ ತೆರೆದು ತೋರಿಸಿದೆ.

ನಗಬೇಕೋ ಬೇಡವೋ? ಈ ಪುಣ್ಯಾತ್ಮ ಬಗ್ಗಿ ನೋಡಿ, “ಹಿಂಗೇ. ಆದ್ರೆ ಇಷ್ಟು ಅಲ್ಲಾಡಬಾರ್ದು,” ಎಂದ.

ಅಗಲದ ಬ್ಲೇಡು ತರುವುದಕ್ಕೆ ಕೋಲಾರಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ಏಕೆಂದರೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಬರುವಾಗ ಕಂಡಕ್ಟರ್ ಲಗೇಜು ಕೇಳಿದರೆ, “ಇದು ವದಿನಂದು, ಫ್ರೀ,” ಎಂದು ನನ್ನ ಮಡಿಲಿಗೆ ಇಟ್ಟ. ಬ್ಲೇಡನ್ನು ಮೂರು ಸುತ್ತು ಸುತ್ತಿ ದಾರದಿಂದ ಕಟ್ಟಿದ್ದರು. ಮನೆಯವರೆಗೆ ತಡೆಯಬಾರದೇ? ಬೆಸುಗೆ ಹಾಕಿದ ಜಾಗ ಸರಿಯಾಗಿದೆಯೋ ನೋಡುತ್ತೇನೆ ಎಂದು ದಾರ ಬಿಚ್ಚಿದ. ಝಣ್ ಎಂದು ಬಿಚ್ಚಿಕೊಂಡು ಸೀಟಿನ ಮೇಲೆಲ್ಲ ಹಾರಿತು! ಯಾರಿಗೂ ತಾಗಲಿಲ್ಲ, ಕುರುಡುಮಲೆ ಗಣಪ ದೊಡ್ಡವನು. ಜನವೆಲ್ಲ ಹಿಂದಕ್ಕೆ ಓಡಿದರು, ಕಂಡಕ್ಟರ್ ಫುಟ್‌ಬೋರ್ಡಿಗೆ. ನಾನು ಊರು ಬರುವವರೆಗೆ ಖಾಲಿ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದೆ. ಆ ಬ್ಲೇಡಿನಿಂದ ನನಗಾದ ಉಪಕಾರ ಅದೊಂದೇ ಎಂದುಕೊಂಡೆ.

ಕದ ಬಿಚ್ಚುವುದಕ್ಕೆ ಆಚಾರಿ ಬಂದ. ಹಿತ್ತಾಳೆ ಹೂವು ತೆಗೆದ, ಬ್ಲೇಡಿನ ಹಲ್ಲಿಗೆ ಸಿಗಬಾರದೆಂದು ಮೊಳೆಗಳನ್ನೆಲ್ಲ ಕಿತ್ತ, ಮೂರು ಹಲಗೆ ಬೇರೆ ಮಾಡಿದ. ಆಮೇಲೆ, “ಹಳೇ ಮುಖ ಎಲ್ಲಾ ಕಪ್ಪಾಗದೆ, ಒಂಚೂರು ಕೀಸ್ಬಿಡ್ತೀನಿ. ಹೊಸದ್ರಂಗೆ ಕಾಣ್ತದೆ,” ಎಂದ. ಒಳ್ಳೆಯ ಮಾತು ತಾನೆ?

“ಮುಖ ಮುಟ್ಬೇಡ!” ಎಂದು ನನ್ನ ಮೈದುನ ಕಿರುಚಿದ. “ಒಂದು ಕೂದ್ಲಷ್ಟೂ ತೆಗೀಬಾರ್ದು!”

ಆಚಾರಿ ನನ್ನ ಮುಖ ನೋಡಿದ. ನಾನು ಯಾರ ಮುಖ ನೋಡಲಿ? ಬ್ಲೇಡಿನ ಮಾತು ಕೇಳಿ ಕೇಳಿ ನನ್ನ ಕಿವಿ ಸೋತಿತ್ತು. ಏನಾದರೂ ಮಾಡಿಕೊಂಡು ಸಾಯಿ ಎಂದು ಗೋಡೆಗೆ ಒರಗಿ ಕೂತೆ.

ಬ್ಲೇಡು ಬಿಗಿದ. ವೀಣೆಯ ತಂತಿ ಮೀಟುವವನ ಹಾಗೆ ಬೆರಳಲ್ಲಿ ಮೀಟಿ ಕಿವಿಗೊಟ್ಟ, ಇನ್ನಷ್ಟು ಬಿಗಿದ. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಿಧಾನಕ್ಕೆ ತಳ್ಳಿದ. ಆಚಾರಿ ಆ ಕಡೆ ಹಿಡಿದುಕೊಂಡ. ಮೈದುನ ಒಂದೊಂದು ಬೆರಳಿನಷ್ಟು ತಳ್ಳಿದಾಗಲೂ ಬಗ್ಗಿ ಸೀಳು ನೋಡುತ್ತಿದ್ದ. ಕದ ಹೋದರೆ ಇವನೂ ಹೋಗುತ್ತಾನೆ ಅನ್ನಿಸಿತು. ಹೊಗೆ ಬರಲಿಲ್ಲ, ಬ್ಲೇಡು ವಾಲಲಿಲ್ಲ. ಹಲಗೆ ಎರಡಾಗಿ ಬಿಚ್ಚಿಕೊಂಡಿತು; ಒಳಗೆಲ್ಲ ಹಲಸಿನ ತೊಳೆಯ ಹಳದಿ. ಮೂರು ಹಲಗೆ ಆರಾದವು. ಆಚಾರಿ ಅವನ್ನು ಕೂಡಿಸಿ ಎರಡು ಕದ ಮಾಡಿ ನಿಲ್ಲಿಸಿದ. ಒಂದರಲ್ಲಿ ಹಳೆಯ ಹೊರಮುಖ, ಇನ್ನೊಂದರಲ್ಲಿ ಹಳೆಯ ಒಳಮುಖ.

“ಹೊರಗಿಂದು ನಂಗಿರಲಿ. ಬಂದೋರಿಗೆ ಕಾಣೋದು ಅದೇ,” ಎಂದೆ.

“ಅದೊಂದು ಕೇಳ್ಬೇಡ ವದಿನಾ.”

ನೋಡಿ! ಭಾಗ ಭಾಗ ಎಂದು ನನ್ನ ಮಣೆಗಳನ್ನೆಲ್ಲ ತಿಂದವನು ಕೊನೆಗೆ ಮಾಡಿದ್ದು ಇದು!

“ಹಿತ್ತಾಳೆ ಹೂವಿನ ಮೇಲೆ ಕಣ್ಣೇನೋ?”

“ಹೂವೆಲ್ಲಾ ನೀನೇ ತಗೊಂಡೋಗು. ಹಲಗೆ ಕೊಡಲ್ಲ.”

ಎದ್ದು ಹತ್ತಿರ ಹೋಗಿ ನೋಡಿದೆ. ಕೂತವರ ತಲೆಯ ಎತ್ತರಕ್ಕೆ, ತಟ್ಟೆಯಗಲ, ಕರ್ರಗೆ ಹೊಳೆಯುವ ಒಂದು ಕಲೆ.

“ಜಿಡ್ಡು ಕಣೋ ಇದು. ಆಚಾರಿ ಕೀಸ್ತೀನಿ ಅಂದಾಗ ಕೀಸಿಸ್ಬಾರ್ದಿತ್ತಾ?”

“ಮಧ್ಯಾಹ್ನ ಕದ ಒಳಕ್ಕೆ ತೆಗ್ದು, ಈ ಮುಖಕ್ಕೇ ಒರಗಿ ಕೂತು ಸೊಪ್ಪು ಬಿಡಿಸ್ತಿದ್ದಲ್ಲ ನೀನು? ನಿನ್ನ ತಲೆ ಎಣ್ಣೆ ಅದು.” ಹಾಗೆಂದವನು ನನ್ನ ಕಡೆ ನೋಡಲಿಲ್ಲ, ಮಿಷನ್ನಿನ ಹೊಟ್ಟು ಗುಡಿಸುತ್ತಿದ್ದ. “ಇಸ್ಕೂಲಿಂದ ಬರ್ತಾ ಬೀದಿ ಕೊನೇಯಿಂದ್ಲೇ ನೋಡ್ತಿದ್ದೆ. ಕದ ತೆಗ್ದಿದ್ರೆ, ಮನೇಲಿ ನೀನಿದ್ದೀಯ ಅಂತ.”

“ಹುಚ್ಚು ಮುಂಡೇದು,” ಎಂದು ಬೈದು ಮನೆಗೆ ಬಂದೆ.

ಈಗ ನನ್ನ ಬಾಗಿಲಿಗೂ ಕದ ಬಂದಿದೆ. ಹೊರಗಡೆ ಹೊಸ ಮುಖ, ಹಳದಿ, ಒಂದು ಚುಕ್ಕೆಯೂ ಇಲ್ಲ. ಇವತ್ತು ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿಕೊಂಡು, ಕದ ತೆಗೆದು, ಅದಕ್ಕೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದೆ. ವಾರಗಿತ್ತಿ ಬೀದಿಯಿಂದ ನೋಡಿ ಬೆಚ್ಚಿಬಿದ್ದಳು.

“ಅಯ್ಯೋ ಅಕ್ಕಾ, ಹೊಸ ಕದ, ಜಿಡ್ಡಾಗ್ತದೆ!”

“ಆಗ್ಲಿ ಬಿಡೇ,” ಎಂದೆ.