‘ಮುಗಿಯಿತು’ ಒತ್ತದ ಮಾವ

ನಮ್ಮ ಮಾವನಂಥ ಬುದ್ಧಿವಂತರು ಸಿದ್ಧಕಟ್ಟೆಯಲ್ಲಿ ಇನ್ನೊಬ್ಬರಿಲ್ಲ. ಇದು ಮಾವನೇ ಹೇಳಿದ್ದು. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ! ಅಮ್ಮನ ಅಣ್ಣನ ಬಗ್ಗೆ ಹೀಗೆ ಬರೆಯಬಹುದೇ ಎನ್ನಬೇಡಿ. ಅವರ ಶಾಮಿಯಾನದ ಅಂಗಡಿಯಲ್ಲಿ ಕೂತು ಕೆಲಸ ಮಾಡುವವಳು ನಾನು. ನನ್ನ ಕಷ್ಟ ನನಗೇ ಗೊತ್ತು.

ಹೋದ ಮದುವೆ ಸೀಸನ್ನಿನಲ್ಲಿ ಒಂದೇ ದಿನ, ಅವೇ ಕುರ್ಚಿಗಳನ್ನು ಬೆಳುವಾಯಿಗೂ ಬಂಟ್ವಾಳಕ್ಕೂ ಒಪ್ಪಿಕೊಂಡು, ಬೆಳುವಾಯಿಯ ನೆಂಟರಿಷ್ಟರನ್ನೆಲ್ಲ ನಿಂತೇ ಉಣ್ಣುವಂತೆ ಮಾಡಿದ ಮಹಾನುಭಾವ ಇವರು. “ಈಗ ಬಫೆಯೇ ಫ್ಯಾಶನ್ ಅಲ್ವಾ?” ಎಂದು ಸಮಜಾಯಿಷಿ ಬೇರೆ! ಇನ್ನೊಮ್ಮೆ ಹೀಗಾದರೆ ಅಂಗಡಿಯ ಹೆಸರೇ ಹೋಗುತ್ತದೆಂದು ನಾನು ಗಿರಾಕಿಗಳ ಇಮೇಲ್‌ಗಳನ್ನು, ಹಳೆಯವನ್ನೂ ಸೇರಿಸಿ, ಕಂಪ್ಯೂಟರಿನಲ್ಲಿ ಒಂದೇ ಕಡೆ ತಂದಿಟ್ಟೆ. ಮಾವ, ನಾನು, ಲಾರಿ ನೋಡಿಕೊಳ್ಳುವ ಹಮೀದಾಕ, ಮೂವರಿಗೂ ಎಲ್ಲವೂ ಕಾಣುತ್ತದೆ. ಯಾರು ನೋಡಿಕೊಳ್ಳುತ್ತಾರೋ ಅವರು ತಮ್ಮ ಹೆಸರು ಹಾಕಬೇಕು. ಕೆಲಸ ಆದ ಮೇಲೆ ‘ಮುಗಿಯಿತು’ ಎಂಬ ಬಟನ್ ಒತ್ತಬೇಕು. ಇದರಲ್ಲಿ ಎಡವಟ್ಟು ಮಾಡಲು ಏನಿದೆ? ನೀವು ಮಾವನನ್ನು ನೋಡಿಲ್ಲ!

ಮೊದಲ ದಿನವೇ ಅಷ್ಟೂ ಮೇಲ್‌ಗಳಿಗೆ ತಮ್ಮ ಹೆಸರು ಹಾಕಿ ಕೂತರು.

“ನಮಗೂ ಒಂದೆರಡು ಬಿಡಿ ಮಾವ.”

“ಅಂಗಡಿ ಯಾರದ್ದು ಮಾರಾಯ್ತಿ?”

ಹಮೀದಾಕ ಪೇಪರ್ ಬಿಡಿಸಿದರು. ಮೂಡುಬಿದಿರೆಯ ಒಬ್ಬರು ಕುರ್ಚಿಯ ಬಾಡಿಗೆ ಎಷ್ಟೆಂದು ಕೇಳಿದ್ದರು. ಮಾವ ಒಂದೇ ಬೆರಳಿನಲ್ಲಿ ಮಧ್ಯಾಹ್ನದವರೆಗೆ ಕುಟ್ಟಿ ಉತ್ತರ ಕೊಟ್ಟರು: “ತಾವು ಯಾವ ಮನೆಯವರೆಂದು ತಿಳಿಯಲಿಲ್ಲ. ತಮ್ಮ ತಾಯಿಯ ಊರು ಯಾವುದು? ಈ ಕಡೆ ಬಂದರೆ ಊಟಕ್ಕೆ ಬರಬೇಕು.” ಬಾಡಿಗೆ? ಅದೊಂದನ್ನು ಬಿಟ್ಟು ಎಲ್ಲವೂ ಇತ್ತು!

“ಪರಿಚಯ ಆಗದೆ ರೇಟು ಹೇಳುವುದಾ? ಇದೇನು ಸಂತೆಯಾ?” ಎಂದು ನನಗೇ ಗದರಿದರು.

ಇನ್ನು ಆ ಬಟನ್. ಅದನ್ನು ಅವರು ಮುಟ್ಟಲೇ ಇಲ್ಲ. “ಮದುವೆಯ ಮೇಲ್‌ಗೆ ಮುಗಿಯಿತು ಅಂತ ಒತ್ತುವುದಾ? ಬಿಡ್ತು ಅನ್ನು! ಡಬ್ಬಿಯ ಅಕ್ಕಿ ಖಾಲಿಯಾದರೆ ನಿನ್ನ ಅಮ್ಮ ತುಂಬಿತು ಅಂತಲ್ವಾ ಹೇಳುವುದು?” ಹೀಗಾಗಿ ಮಕ್ಕಳನ್ನು ಅಂಗನವಾಡಿಗೆ ಕಳಿಸುವ ದಂಪತಿಗಳೂ ನಮ್ಮಲ್ಲಿ ಇನ್ನೂ ಮದುಮಕ್ಕಳೇ! ಹಳೆಯದು ಯಾವುದು, ಹೊಸದು ಯಾವುದು ತಿಳಿಯದೆ ಮತ್ತೆ ಎರಡು ಮದುವೆ ಒಂದೇ ದಿನಕ್ಕೆ ಬಿದ್ದಾಗ ನನ್ನ ಸಿಟ್ಟು ನೆತ್ತಿಗೇರಿತು. ಒಂದನ್ನು ಹಮೀದಾಕ ಹೇಗೋ ಬೇರೆ ಅಂಗಡಿಯ ಕುರ್ಚಿ ತಂದು ಸುಧಾರಿಸಿದರು.

“ಇನ್ನು ನಾನೇ ಒತ್ತುತ್ತೇನೆ” ಎಂದು ಕಂಪ್ಯೂಟರ್ ಮುಂದೆ ಕೂತೆ. ಮಾವ ಮುಖ ಊದಿಸಿಕೊಂಡು ಪಕ್ಕದಲ್ಲೇ ಕೂತರು. ಒಂದೊಂದನ್ನೇ ಮುಗಿಸುತ್ತ ಕೆಳಗೆ ಹೋಗುತ್ತಿದ್ದೆ. ಥಟ್ಟನೆ ಅವರ ಕೈ ಮೌಸ್‌ಗೆ ಅಡ್ಡ ಬಂತು.

“ಅದೊಂದು ಬೇಡ.”

ನೋಡಿದೆ. ಮಸ್ಕತ್‌ನಿಂದ ನನ್ನ ಅಪ್ಪ ಬರೆದದ್ದು, ನನ್ನ ಮದುವೆಗೆ ಚಪ್ಪರ, ಕುರ್ಚಿ ಬೇಕೆಂದು. ಹುಡುಗನ ಕಡೆಯವರು ಕೊನೆಗಳಿಗೆಯಲ್ಲಿ ಬೇಡವೆಂದು ಮುರಿದ ಮದುವೆ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ.

“ಇದು ಯಾವತ್ತೋ ಮುಗಿದದ್ದಲ್ವಾ ಮಾವ?”

“ಯಾರು ಹೇಳಿದ್ದು? ಭಾವ ಕುರ್ಚಿ ಕೇಳಿದ್ದಾರೆ, ನಾನು ಇನ್ನೂ ಕೊಡ್ಲಿಲ್ಲ. ನಿನಗೆ ಬೇಕು ಅಂತ ಕಂಡ ದಿನ ಹೇಳು ಮಗಾ. ಅವಸರ ಇಲ್ಲ.”

ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ಅಪ್ಪನ ಮೇಲ್‌ಗೆ ಬಟನ್ ಒತ್ತದೆ ಹಾಗೇ ಬಿಟ್ಟು, ಮುಖ ತೊಳೆಯಲು ಎದ್ದೆ.