ನನ್ನ ರಕ್ತ, ಈರಣ್ಣನ ಕತ್ತಿ

ಕಳೆದ ಆಷಾಢದ ಒಂದು ಬುಧವಾರ ಹೊಸಪೇಟೆಯ ರಕ್ತದಾನ ಶಿಬಿರದಲ್ಲಿ ನಾನು ರಕ್ತ ಕೊಟ್ಟೆ. ಶನಿವಾರ ನನ್ನನ್ನು ಕರೆಸಿ, ಅದರಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದರಿಂದ ಯಾರಿಗೂ ಕೊಡಲಾಗದು ಎಂದರು. ನಾನು ಬಿಟ್ಟಿ ಕೊಟ್ಟರೂ ಜನ ಬೇಡವೆನ್ನುವ ವಸ್ತುಗಳಲ್ಲಿ ಇದು ಎರಡನೆಯದು. ಮೊದಲನೆಯದು ನನ್ನ ಸಲಹೆ. ವರದಿಗಾರನಾದ ನನಗೆ ಕಾಯಿಲೆಗಿಂತ ಅದರ ಮೂಲದ ಚಿಂತೆಯೇ ಹತ್ತಿತು. ಯಾವಾಗ, ಎಲ್ಲಿ, ಯಾರಿಂದ? ಇಷ್ಟಿಲ್ಲದೆ ನಮ್ಮ ಪತ್ರಿಕೆಯಲ್ಲಿ ಎಮ್ಮೆ ಕಳೆದ ಸುದ್ದಿಯೂ ಅಚ್ಚಾಗುವುದಿಲ್ಲ. ಸಂಡೂರಿನವಳಾದ ನನ್ನ ಹೆಂಡತಿ ಸರೋಜಾ ಕುಂತಲ್ಲೇ ತನಿಖೆ ಮುಗಿಸಿದಳು. "ಹೋದ ತಿಂಗಳು ಈರಣ್ಣ ಗದ್ದ ಕೊಯ್ದು ಕಳಿಸಿದ್ನಲ್ರಿ. ಮತ್ತೆಲ್ಲಿಂದ ಬರ್ತೈತಿ?"

ಈರಣ್ಣ ನಮ್ಮ ಬೀದಿಯ ಸಲೂನಿನವನು. ನನ್ನ ಮೀಸೆ ಕಪ್ಪಗಿದ್ದಾಗಿನಿಂದ ನನ್ನನ್ನು ಬಲ್ಲವನು. ಆರೋಪ ಹೊತ್ತವರ ಪ್ರತಿಕ್ರಿಯೆ ಪಡೆಯದೆ ಏನನ್ನೂ ನಂಬಬಾರದೆಂಬುದು ನಮ್ಮ ವೃತ್ತಿಯ ಶಿಸ್ತು. ಆ ಶಿಸ್ತಿಗೆ ಬದ್ಧನಾಗಿ ಭಾನುವಾರ ಬೆಳಿಗ್ಗೆ, ಬೆಂಚು ತುಂಬಿದ ಹೊತ್ತಿನಲ್ಲಿ, ಅಲ್ಲಿಗೆ ಹೋಗಿ ಸಭ್ಯವಾಗಿಯೇ ಕೇಳಿದೆ: "ಈರಣ್ಣ, ನಿನ್ನ ಕತ್ತಿಯಿಂದ ನನಗ ಹೆಪಟೈಟಿಸ್ ಬಂತಂತ ಒಂದು ಮಾತೈತಿ. ನೀನೇನಂತೀ?"

ಅವನು ಬಾಯಿ ತೆರೆಯುವ ಮೊದಲೇ ಬೆಂಚಿನಲ್ಲಿದ್ದ ಮರಿಯಮ್ಮನಹಳ್ಳಿಯ ಲಾರಿ ಡ್ರೈವರಿಗೆ ಜರೂರು ಕೆಲಸ ನೆನಪಾಯಿತು. ಕುರ್ಚಿಯಲ್ಲಿದ್ದವರು ಅರ್ಧ ಮುಖದ ನೊರೆಯನ್ನು ಒರೆಸಿಕೊಂಡು ಎದ್ದರು. "ಒಬ್ಬೊಬ್ರಿಗೂ ಹೊಸ ಬ್ಲೇಡ್ ಹಾಕ್ತೀನಿ ಸರ," ಎಂದ ಈರಣ್ಣ. "ಅದನ್ನ ಕೇಳಾಕ ಈಗ ಯಾರದಾರ ಹೇಳ್ರಿ?" ಯಾರೂ ಇರಲಿಲ್ಲ. ಮಾತು ಕಂಪ್ಲಿಯವರೆಗೆ ಹಬ್ಬಿತು. ನಮ್ಮ ಪತ್ರಿಕೆಗೆ ಅಷ್ಟು ಪ್ರಸಾರವಿಲ್ಲ. ಈರಣ್ಣ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕುಳಿತು ಕನ್ನಡಿ ನೋಡಿಕೊಳ್ಳತೊಡಗಿದ.

ಆ ಬೆಂಚು ಮತ್ತೆ ತುಂಬುವವರೆಗೆ ಈ ವಿಷಯ ಬಿಡಬಾರದೆಂದು ನಿರ್ಧರಿಸಿದೆ. ಎಮ್ಮಿಗನೂರಿನ ಚಿಕ್ಕಮ್ಮ, "ಉಪ್ಪು ಬಿಡು, ಎಣ್ಣಿ ಬಿಡು, ಕಾಮಾಲಿಗೆ ಸೊಪ್ಪು ಅರದು ಕೊಡ್ತೀನಿ, ಜಲ್ದಿ ಬಾ," ಎಂದು ಫೋನು ಮಾಡಿದಳು. ನನಗೆ ಕಾಮಾಲೆ ಇರಲಿಲ್ಲ. ಬೇಕಾಗಿದ್ದದ್ದು ಸೋಂಕಿನ ವಯಸ್ಸು. ಅದಕ್ಕೂ ಒಂದು ಪರೀಕ್ಷೆ ಇದೆ ಎಂದರು ವೈದ್ಯರು. ವೈರಸ್ ಹೊಸದಾಗಿ ಹೊಕ್ಕಾಗ ದೇಹ ಒಂದು ಬಗೆಯ ಪ್ರತಿಕಾಯವನ್ನು ತಯಾರಿಸುತ್ತದೆ. ಕೆಲವು ತಿಂಗಳಲ್ಲಿ ಅದು ಇಳಿದುಹೋಗಿ ಇನ್ನೊಂದು ಬಗೆಯದು ಉಳಿಯುತ್ತದೆ. ಮೊದಲನೆಯದು ಚೆನ್ನಾಗಿ ಕಂಡರೆ ಸೋಂಕು ಬಹುಮಟ್ಟಿಗೆ ಹೊಸದು. ಎರಡನೆಯದು ಮಾತ್ರ ಕಂಡರೆ ಹಳೆಯದು. ಆ ಪರೀಕ್ಷೆಗೆ ಮತ್ತೆ ರಕ್ತ ಕೊಟ್ಟೆ. ಸರೋಜಾಳ ಪರೀಕ್ಷೆಯೂ ಆಯಿತು. ಅವಳಿಗೆ ಸೋಂಕಿರಲಿಲ್ಲ, ಲಸಿಕೆ ಶುರುವಾಯಿತು.

ನನ್ನ ಫಲಿತಾಂಶದಲ್ಲಿ ಕಂಡದ್ದು ಎರಡನೆಯ ಬಗೆ ಮಾತ್ರ. ಸೋಂಕು ಹಳೆಯದು, ಬಾಲ್ಯದ್ದೂ ಇರಬಹುದು ಎಂದರು ವೈದ್ಯರು. ಅಲ್ಲಿಂದ ನೇರವಾಗಿ ಸಲೂನಿಗೆ ಹೋದೆ. ಎದುರಿನ ಟೀ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು, "ಈರಣ್ಣಂದೇನೂ ತಪ್ಪಿಲ್ರಿ. ಈ ವೈರಸ್ ವರ್ಷಗಟ್ಟಲೆಯಿಂದ ನನ್ನೊಳಗೇ ಐತಿ," ಎಂದು ಸಾರಿದೆ. ಜನ ಒಳಗೆ ಬಂದು ಕುಳಿತರು. ಈರಣ್ಣ ಮಾತ್ರ ಕತ್ತಿ ಕೆಳಗಿಟ್ಟ.

"ಅಂದ್ರ ಸರ, ಇಷ್ಟು ವರ್ಷ ನಿಮ್ಮ ಗದ್ದ ಕೆರೀತಾ ಕೈ ಕೊಯ್ಕೊಂಡವ ನಾನಲ್ಲೇನ್ರಿ?"

ಪ್ರತಿಕ್ರಿಯೆಗೆ ನಾನು ಲಭ್ಯನಾಗಲಿಲ್ಲ.

ಮರುದಿನ ಈರಣ್ಣ ಸಲೂನು ಮುಚ್ಚಿ ರಕ್ತ ಪರೀಕ್ಷೆ ಮಾಡಿಸಿಕೊಂಡ. ಸೋಂಕಿಲ್ಲ. ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದಾನೆ. ನಾನೀಗ ಮನೆಯಲ್ಲೇ ಶೇವ್ ಮಾಡಿಕೊಳ್ಳುತ್ತಿದ್ದೇನೆ. ನಿನ್ನೆ ಗದ್ದ ಎರಡು ಕಡೆ ಕೊಯ್ದುಕೊಂಡೆ.